ಮರಳಿ ಬಂದ ಅರಸ: ಗಣರಾಜ್ಯ, ಆಚರಣೆ ಮತ್ತು ಜನಪದ ಕಥನ

1

ನಮ್ಮ ಜನಪದ ಕಥೆಗಳಲ್ಲಿ ಹೆಚ್ಚಿನವು ‘ಒಂದಾನೊಂದು ಊರಲ್ಲಿ ಒಬ್ಬ ರಾಜ’ ಎಂಬ ಮಾತಿನಿಂದ ತೊಡಗುತ್ತವೆ. ಆ ರಾಜನಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ, ವಂಶಾವಳಿ ಇರುವುದಿಲ್ಲ, ಇಸವಿಯಂತೂ ಇಲ್ಲವೇ ಇಲ್ಲ. ಹೆಸರಿಲ್ಲದ ಈ ಅರಸನನ್ನು ಸಾಕ್ಷಿಗೆ ಕರೆದು, ‘ಜನಪದರ ಮನಸ್ಸು ಮೂಲತಃ ರಾಜನಿಷ್ಠವಾದುದು, ಗಣರಾಜ್ಯವೆಂಬುದು ಅದರ ಮೇಲೆ ಹೊದಿಸಿದ ಎರವಲು ಬಟ್ಟೆ’ ಎಂದು ವಾದಿಸುವವರಿದ್ದಾರೆ. ಇದಕ್ಕೆ ಎದುರಾಗಿ, ಅರಸೊತ್ತಿಗೆಗೆ ಸಂಬಂಧಿಸಿದ ಆಚರಣೆಗಳೆಲ್ಲವೂ ಕಾಲ ಕಳೆದ ಮೌಢ್ಯದ ಉಳಿಕೆಗಳು, ಶಿಕ್ಷಣ ಹರಡಿದಂತೆ ತಾವಾಗಿಯೇ ಅಳಿಯುವಂಥವು ಎಂದು ತಳ್ಳಿಹಾಕುವವರೂ ಇದ್ದಾರೆ. ಮೊದಲಿನವರು ಜನಪದವನ್ನು ಮನವಿಪತ್ರವೆಂದು ಓದುತ್ತಾರೆ. ಎರಡನೆಯವರು ಓದುವುದೇ ಇಲ್ಲ.

ಆಧುನಿಕ ಗಣರಾಜ್ಯಗಳಲ್ಲಿ ಅರಸೊತ್ತಿಗೆ ಮರಳಿ ಬರುವುದು ಹೇಗೆ ಎಂಬ ಪ್ರಶ್ನೆಯನ್ನು ಈವರೆಗೆ ಬಹುಮಟ್ಟಿಗೆ ರಾಜ್ಯಶಾಸ್ತ್ರಜ್ಞರು ಮತ್ತು ಸಂವಿಧಾನ ತಜ್ಞರು ಚರ್ಚಿಸಿದ್ದಾರೆ. ಇದರಲ್ಲಿ ಜಾನಪದ ವಿದ್ವಾಂಸನಿಗೇನು ಕೆಲಸವೆಂದು ಕೇಳಬಹುದು. ಕಳೆದ ಮೂರು ದಶಕಗಳಲ್ಲಿ ಅರಸೊತ್ತಿಗೆ ಗಣರಾಜ್ಯದೊಳಕ್ಕೆ ಮರುಪ್ರವೇಶ ಪಡೆದಿರುವ ಮುಖ್ಯ ಬಾಗಿಲುಗಳಲ್ಲೊಂದಕ್ಕೆ ‘ಸಂಸ್ಕೃತಿ’ ಎಂದು ಹೆಸರು. ಆ ಬಾಗಿಲಲ್ಲಿ ತೋರಿಸಬೇಕಾದ ರಹದಾರಿಗಳೆಂದರೆ ಪುರಾಣ, ಐತಿಹ್ಯ, ಕುಲಕಥನ ಮತ್ತು ಆಚರಣೆ. ಅಂದರೆ ನಾವು ಸಂಗ್ರಹಿಸಿ, ವರ್ಗೀಕರಿಸಿ, ಮುದ್ರಿಸಿಕೊಟ್ಟ ಸಾಮಗ್ರಿ. ಆದುದರಿಂದ ಈ ಪ್ರಶ್ನೆಯಲ್ಲಿ ನಮ್ಮ ಶಿಸ್ತಿನ ಹೊಣೆಯೂ ಸೇರಿದೆ. ಉಗಾಂಡ ಮತ್ತು ನೇಪಾಳಗಳ ಅನುಭವವನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಅದರ ಬೆಳಕಿನಲ್ಲಿ ನಮ್ಮ ನೆಲದ ಉದಾಹರಣೆಯೊಂದನ್ನು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ಇಪ್ಪತ್ತನೆಯ ಶತಮಾನದ ಮರುಸ್ಥಾಪನೆಗಳನ್ನು ಅವು ಬಂದ ಬಾಗಿಲುಗಳಿಂದ ಗುರುತಿಸಬಹುದು. ಮೊದಲನೆಯದು ಜನಮತಗಣನೆ. ಗ್ರೀಸ್ ದೇಶ 1924ರಲ್ಲಿ ಗಣರಾಜ್ಯವಾಗಿ, 1935ರಲ್ಲಿ ಅರಸನನ್ನು ಮರಳಿ ಕರೆಸಿಕೊಂಡು, 1946ರಲ್ಲಿ ಅದನ್ನು ಮತ್ತೆ ದೃಢಪಡಿಸಿ, 1974ರಲ್ಲಿ ಸುಮಾರು ಶೇಕಡಾ 69ರಷ್ಟು ಮತಗಳಿಂದ ಅರಸೊತ್ತಿಗೆಯನ್ನು ಕೊನೆಗೊಳಿಸಿತು. ಬ್ರೆಜಿಲ್ 1993ರಲ್ಲಿ ಇದೇ ಪ್ರಶ್ನೆಯನ್ನು ಜನರ ಮುಂದಿಟ್ಟಾಗ ಗಣರಾಜ್ಯವೇ ಭಾರೀ ಬಹುಮತದಿಂದ ಉಳಿಯಿತು. ಎರಡನೆಯದು ಸರ್ವಾಧಿಕಾರಿಯ ನೇಮಕ. 1947ರ ಉತ್ತರಾಧಿಕಾರ ಕಾನೂನಿನ ಮೂಲಕ ಫ್ರಾಂಕೊ ಸ್ಪೇನನ್ನು ಅರಸನಿಲ್ಲದ ಅರಸೊತ್ತಿಗೆಯಾಗಿಸಿದ. 1969ರಲ್ಲಿ ಹ್ವಾನ್ ಕಾರ್ಲೋಸನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದ. 1975ರಲ್ಲಿ ಪಟ್ಟಕ್ಕೆ ಬಂದ ಆ ಅರಸನಿಗೆ ಪ್ರಜಾಸತ್ತಾತ್ಮಕ ಮಾನ್ಯತೆ ದೊರೆತದ್ದು 1978ರ ಸಂವಿಧಾನದಿಂದ. ಮೂರನೆಯದು ಅಂತರ್ಯುದ್ಧದ ನಂತರದ ಸಂಧಾನ. 1970ರಲ್ಲಿ ಗಣರಾಜ್ಯವಾದ ಕಾಂಬೋಡಿಯದಲ್ಲಿ 1993ರ ಸಂವಿಧಾನ ಸಿಹಾನೂಕನನ್ನು ಮತ್ತೆ ಅರಸನನ್ನಾಗಿಸಿತು.

ಈ ಮೂರರಲ್ಲಿಯೂ ದೇಶವು ಗಣರಾಜ್ಯವಾಗಿ ಉಳಿಯುವುದಿಲ್ಲ. ನಾಲ್ಕನೆಯ ಬಾಗಿಲು ವಿಶಿಷ್ಟವಾದುದು. ಅಲ್ಲಿ ಗಣರಾಜ್ಯ ಹಾಗೆಯೇ ಉಳಿದು, ಅರಸನು ಅದರೊಳಗೆ ‘ಸಾಂಸ್ಕೃತಿಕ ನಾಯಕ’ನೆಂಬ ಹೆಸರಿನಲ್ಲಿ ಬಂದು ನೆಲೆಸುತ್ತಾನೆ. ಉಗಾಂಡದಲ್ಲಿ ನಡೆದದ್ದು ಇದು.

3

ಬುಗಾಂಡ ಎಂಬುದು ಉಗಾಂಡದ ನಡುಭಾಗದ ಹಳೆಯ ರಾಜ್ಯ. ಅದರ ಅರಸನಿಗೆ ಕಬಾಕ ಎಂದು ಹೆಸರು. 1962ರಲ್ಲಿ ಉಗಾಂಡ ಸ್ವತಂತ್ರವಾದ ಮರುವರ್ಷ ಕಬಾಕ ಎರಡನೆಯ ಮುಟೆಸ ದೇಶದ ಅಧ್ಯಕ್ಷನೂ ಆದ. ಪ್ರಧಾನಿ ಒಬೋಟೆಯೊಡನೆ ವಿರಸ ಬೆಳೆದು, 1966ರ ಮೇ ತಿಂಗಳಲ್ಲಿ ಇದಿ ಅಮೀನನ ನೇತೃತ್ವದ ಸೇನೆ ಅರಮನೆಯ ಮೇಲೆ ದಾಳಿಯಿಟ್ಟಿತು. ಕಬಾಕ ತಪ್ಪಿಸಿಕೊಂಡು 1969ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. 1967ರ ಸಂವಿಧಾನ ಅರಸೊತ್ತಿಗೆಗಳೆಲ್ಲವನ್ನೂ ರದ್ದುಪಡಿಸಿತು. 1971ರಲ್ಲಿ ಅಧಿಕಾರ ಹಿಡಿದ ಅಮೀನನೇ ಮುಟೆಸನ ಕಳೇಬರವನ್ನು ತರಿಸಿ ಕಸುಬಿಯ ರಾಜಸಮಾಧಿಯಲ್ಲಿ ಇರಿಸಿದ್ದು ಗಮನಾರ್ಹ. ಅರಮನೆಯನ್ನು ಸುಟ್ಟ ಕೈಗಳಿಗೂ ಅರಸನ ಶವಸಂಸ್ಕಾರದಿಂದ ಬರುವ ಮಾನ್ಯತೆ ಬೇಕಾಗಿತ್ತು.

ಮುಂದೆ ಮುಸೆವೆನಿಯ ಗೆರಿಲ್ಲಾ ಪಡೆ 1981ರಿಂದ 1986ರವರೆಗೆ ಹೋರಾಡಿದ ಮುಖ್ಯ ರಣಭೂಮಿ ಬುಗಾಂಡದ ಲುವೆರೊ ಪ್ರದೇಶ. ಆ ಜನರ ಆಸರೆಗೆ ಪ್ರತಿಫಲವೆಂಬಂತೆ 1993ರಲ್ಲಿ ಕಾನೂನು ಬದಲಾಯಿತು. ಅದೇ ವರ್ಷದ ಜುಲೈ 31ರಂದು ಮುಟೆಸನ ಮಗ ಎರಡನೆಯ ಮುಟೆಬಿಗೆ ಪಟ್ಟಾಭಿಷೇಕವಾಯಿತು. 1995ರ ಸಂವಿಧಾನದ 246ನೆಯ ವಿಧಿ ಇಂಥ ನಾಯಕರ ಸ್ಥಾನವನ್ನು ನಿರ್ದೇಶಿಸಿತು. ಆಯಾ ಜನಸಮುದಾಯದ ಸಂಸ್ಕೃತಿ, ಪದ್ಧತಿ ಮತ್ತು ಸಂಪ್ರದಾಯಗಳಿಗೆ ಅನುಗುಣವಾಗಿ ಅವರು ಇರಬಹುದು. ಆದರೆ ಅವರಿಗೆ ಆಡಳಿತದ ಅಧಿಕಾರವಿಲ್ಲ, ಪಕ್ಷ ರಾಜಕಾರಣದಲ್ಲಿ ಪಾಲ್ಗೊಳ್ಳುವಂತಿಲ್ಲ. ಅವರಿಗೆ ನಿಷ್ಠೆ ತೋರಬೇಕೆಂದಾಗಲಿ ಕಾಣಿಕೆ ಕೊಡಬೇಕೆಂದಾಗಲಿ ಯಾರನ್ನೂ ಬಲವಂತಪಡಿಸುವಂತಿಲ್ಲ.

ಮೇಲುನೋಟಕ್ಕೆ ಇದು ನಾಜೂಕಾದ ಪರಿಹಾರ. ಅರಸನಿಂದ ಅಧಿಕಾರವನ್ನು ಬೇರ್ಪಡಿಸಿ ಉಳಿದುದನ್ನು ‘ಸಂಸ್ಕೃತಿ’ಯೆಂದು ಕರೆದರೆ ಗಣರಾಜ್ಯಕ್ಕೂ ಧಕ್ಕೆಯಿಲ್ಲ, ಜನರ ಭಾವನೆಗೂ ಧಕ್ಕೆಯಿಲ್ಲ. ಆದರೆ ಬಗಾಂಡ ಜನರು ಬೇಡಿಕೆಯಿಟ್ಟದ್ದು ಇಂಥ ಸೋಸಿದ ಸಂಸ್ಕೃತಿಗಾಗಿ ಅಲ್ಲ. ಅವರ ಘೋಷಣೆ ‘ಎಬ್ಯಾಫೆ’, ಅಂದರೆ ‘ನಮ್ಮವು’ ಎಂಬ ಒಂದೇ ಪದ. ಅದರಲ್ಲಿ ಅರಸನೂ ಸೇರಿದ್ದ; 1900ರ ಒಪ್ಪಂದದಿಂದ ಬಂದ ಭೂಮಿಯ ಹಕ್ಕು, ವಸಾಹತು ಸರ್ಕಾರದ ವಶವಾದ ನೆಲ, ಒಕ್ಕೂಟ ಮಾದರಿಯ ಸ್ವಾಯತ್ತತೆ ಇವೂ ಸೇರಿದ್ದವು. ಆಚರಣೆಯಲ್ಲಿ ಅರಸನಿಗೂ ನೆಲಕ್ಕೂ ಇರುವ ನಂಟನ್ನು ಕಾನೂನು ತುಂಡರಿಸಲಾರದು. 2009ರ ಸೆಪ್ಟೆಂಬರ್‌ನಲ್ಲಿ ಕಬಾಕನು ತನ್ನದೇ ರಾಜ್ಯದ ಭಾಗವೆನ್ನಲಾದ ಕಯುಂಗಕ್ಕೆ ಭೇಟಿ ಕೊಡುವುದನ್ನು ಸರ್ಕಾರ ತಡೆದಾಗ ಕಂಪಾಲದಲ್ಲಿ ಗಲಭೆಗಳೆದ್ದು ಹಲವರು ಸತ್ತರು. ‘ಸಾಂಸ್ಕೃತಿಕ ಭೇಟಿ’ ಯಾವುದು, ‘ರಾಜಕೀಯ ಭೇಟಿ’ ಯಾವುದು ಎಂಬ ಗೆರೆಯನ್ನು ಎಳೆಯಹೊರಟವರು ರಸ್ತೆಯ ಮೇಲೆ ರಕ್ತದಲ್ಲಿ ಎಳೆಯಬೇಕಾಯಿತು.

4

ಆದರೂ ಬುಗಾಂಡದಲ್ಲಿ ಅರಸನ ಮರಳುವಿಕೆಗೆ ವ್ಯಾಪಕ ಜನಬೆಂಬಲವಿದ್ದುದು ನಿಜ. ಇದನ್ನು ಬರಿಯ ಮೌಢ್ಯವೆಂದು ಕರೆದರೆ ಏನೂ ತಿಳಿದಂತಾಗುವುದಿಲ್ಲ. ಕಾರಣದ ಒಂದು ಭಾಗ ಅಲ್ಲಿನ ಕುಲವ್ಯವಸ್ಥೆಯ ಕಥನದಲ್ಲಿದೆ. ಬಗಾಂಡ ಜನರು ಕುಲಲಾಂಛನವುಳ್ಳ ಹಲವಾರು ಕುಲಗಳಾಗಿ ಹಂಚಿಹೋಗಿದ್ದಾರೆ. ಉಳಿದವರೆಲ್ಲ ತಂದೆಯ ಕುಲಕ್ಕೆ ಸೇರಿದರೆ ಕಬಾಕನು ತಾಯಿಯ ಕುಲಕ್ಕೆ ಸೇರುತ್ತಾನೆ. ಹೀಗಾಗಿ ಅರಸೊತ್ತಿಗೆ ಯಾವ ಒಂದು ಕುಲದ ಕಾಯಂ ಸೊತ್ತೂ ಅಲ್ಲ. ಯಾವ ಕುಲದ ಹೆಣ್ಣುಮಗಳ ಹೊಟ್ಟೆಯಲ್ಲಿಯೂ ಮುಂದಿನ ಅರಸ ಹುಟ್ಟಬಹುದು. ಕಸುಬಿಯ ಸಮಾಧಿ ಮಂದಿರದ ಹುಲ್ಲಿನ ಚಾವಣಿಯನ್ನು ಹೊದಿಸುವ ಕೆಲಸ ಒಂದು ಕುಲದ ಹಕ್ಕು. ಹೀಗೆಯೇ ಬೇರೆ ಬೇರೆ ಸೇವೆಗಳು ಬೇರೆ ಬೇರೆ ಕುಲಗಳವು. ಅಲ್ಲಿ ತೊಗಟೆಬಟ್ಟೆಯ ತೆರೆಯ ಹಿಂದಿರುವುದು ಸಮಾಧಿಯಲ್ಲ, ಅರಸರು ಮರೆಯಾಗಿ ಹೋದ ಕಾಡು ಎಂಬುದು ನಂಬಿಕೆ. 2001ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಮಂದಿರ 2010ರಲ್ಲಿ ಬೆಂಕಿಗೆ ಆಹುತಿಯಾದಾಗ ಶೋಕ ಉಕ್ಕಿದ್ದು ಒಬ್ಬ ವ್ಯಕ್ತಿಯ ಮನೆ ಸುಟ್ಟಿತೆಂದಲ್ಲ. ಪ್ರತಿ ಕುಲಕ್ಕೂ ಅಲ್ಲಿ ತನ್ನದೊಂದು ಪಾಲಿತ್ತು.

ಇದೇ ದೇಶದ ನೈರುತ್ಯದಲ್ಲಿರುವ ಆಂಕೋಲೆಯನ್ನು ನೋಡಿ. ಕಾನೂನು ಒಂದೇ, ವರ್ಷವೂ ಒಂದೇ. 1993ರ ನವೆಂಬರ್‌ನಲ್ಲಿ ಅಲ್ಲಿಯೂ ಅರಸು ಮನೆತನದ ವಾರಸುದಾರನಿಗೆ ಪಟ್ಟ ಕಟ್ಟಲಾಯಿತು. ಸರ್ಕಾರ ಅದನ್ನು ಮಾನ್ಯಮಾಡಲಿಲ್ಲ. ದನಗಾಹಿಗಳಾದ ಬಹಿಮ ಮತ್ತು ಬೇಸಾಯಗಾರರಾದ ಬೈರು ಎಂಬ ಎರಡು ಪಂಗಡಗಳಿರುವ ಆ ನಾಡಿನಲ್ಲಿ ಬಹುಸಂಖ್ಯಾತ ಬೈರುಗಳಲ್ಲಿ ಅನೇಕರು ಮರುಸ್ಥಾಪನೆಯನ್ನು ಬಲವಾಗಿ ವಿರೋಧಿಸಿದರು. ಆ ನಾಡಿನ ಮೂಲಪುರಾಣ ಇಲ್ಲಿ ಪ್ರಸ್ತುತ. ಸೃಷ್ಟಿಕರ್ತ ರುಹಂಗನಿಗೆ ಮೂವರು ಮಕ್ಕಳು. ರಾತ್ರಿಯೆಲ್ಲ ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟು ಕಾಯುವ ಪರೀಕ್ಷೆಯನ್ನು ಅವನು ಅವರಿಗೆ ಒಡ್ಡುತ್ತಾನೆ. ಕೈರು ತೂಕಡಿಸಿ ಹಾಲು ಚೆಲ್ಲುತ್ತಾನೆ. ಕಹಿಮ ತನ್ನ ಪಾಲಿನಿಂದ ತಮ್ಮನಿಗೆ ಕೊಡುತ್ತಾನೆ. ಬೆಳಗಾದಾಗ ಕಕಾಮನ ಪಾತ್ರೆ ತುಂಬಿರುತ್ತದೆ. ತುಂಬಿದ ಪಾತ್ರೆಯವನು ಅರಸ, ಕೊಟ್ಟವನು ದನಗಾಹಿ, ಚೆಲ್ಲಿದವನು ದುಡಿಯುವ ಆಳು. ಕಥೆಯಲ್ಲೊಂದು ತೂಕಡಿಕೆಗೆ ತಲೆಮಾರುಗಳ ಶಿಕ್ಷೆ!

ಬುಗಾಂಡದ ಕಥನ ಅರಸೊತ್ತಿಗೆಯನ್ನು ಹಂಚುತ್ತದೆ. ಆಂಕೋಲೆಯ ಕಥನ ಶ್ರೇಣಿಯನ್ನು ಸ್ಥಾಪಿಸುತ್ತದೆ. ಎರಡು ಕಡೆಯ ಫಲಿತಾಂಶಕ್ಕೆ ಪುರಾಣವೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ವಸಾಹತು ಆಡಳಿತದ ಪಕ್ಷಪಾತ, ಶಿಕ್ಷಣ, ಚರ್ಚುಗಳ ರಾಜಕಾರಣ, ಭೂಮಿಯ ಹಂಚಿಕೆ ಇವೆಲ್ಲವೂ ಕೂಡಿವೆ. ಆದರೆ ‘ಸಂಸ್ಕೃತಿಗೆ ಅನುಗುಣವಾಗಿ’ ಎಂಬ ಸಂವಿಧಾನದ ಮಾತು ಅಮಾಯಕವಾದುದಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಯಾರ ಸಂಸ್ಕೃತಿ? ಹಾಲು ಉಳಿಸಿಕೊಂಡವನದೋ, ಚೆಲ್ಲಿದವನದೋ? ಆಂಕೋಲೆಯ ಬೈರುಗಳು ಅರಸೊತ್ತಿಗೆಯನ್ನು ನಿರಾಕರಿಸಿದಾಗ ಸಂಪ್ರದಾಯವನ್ನು ಮರೆತಿರಲಿಲ್ಲ. ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

‘ಪ್ರಾಚೀನತೆ’ಯೂ ಇಲ್ಲಿ ಗಟ್ಟಿ ಮಾನದಂಡವಲ್ಲ. ಹಾಬ್ಸ್‌ಬಾಮ್ ಮತ್ತು ರೇಂಜರ್ 1983ರಲ್ಲಿ ಪ್ರಕಟಿಸಿದ ಸಂಪಾದಿತ ಕೃತಿ ‘ಆವಿಷ್ಕೃತ ಸಂಪ್ರದಾಯ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟದ್ದು ಸರ್ವವಿದಿತ. ಉಗಾಂಡದ ರ್‍ವೆಂಜುರುರು ಅರಸೊತ್ತಿಗೆ ಹುಟ್ಟಿದ್ದು 1960ರ ದಶಕದಲ್ಲಿ, ಟೋರೊ ಅರಸೊತ್ತಿಗೆಯ ಹಿಡಿತದ ವಿರುದ್ಧ ಎದ್ದ ಬಂಡಾಯದಲ್ಲಿ. 2009ರಲ್ಲಿ ಸರ್ಕಾರ ಅದಕ್ಕೂ ಮಾನ್ಯತೆ ನೀಡಿತು. 2016ರ ನವೆಂಬರ್‌ನಲ್ಲಿ ಅದೇ ಸರ್ಕಾರದ ಪಡೆಗಳು ಅದರ ಅರಮನೆಯ ಮೇಲೆ ನಡೆಸಿದ ದಾಳಿಯಲ್ಲಿ ನೂರಕ್ಕೂ ಹೆಚ್ಚು ಜನ ಹತರಾದರು. ಆವಿಷ್ಕೃತವೆಂದು ತೋರಿಸಿಕೊಟ್ಟ ಮಾತ್ರಕ್ಕೆ ಸಂಪ್ರದಾಯವೊಂದು ನಿರ್ಜೀವವಾಗುವುದಿಲ್ಲ. ಜನ ಅದಕ್ಕಾಗಿ ಸಾಯುವಷ್ಟು ನಿಜ ಅದರಲ್ಲಿರುತ್ತದೆ. ಆದ್ದರಿಂದ ಸಂಪ್ರದಾಯ ಎಷ್ಟು ಹಳೆಯದು ಎಂಬುದಕ್ಕಿಂತ ಅದು ಯಾರ ಯಾವ ಕೊರತೆಯನ್ನು ನುಡಿಯುತ್ತಿದೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

5

ನೇಪಾಳದ ಉದಾಹರಣೆ ಇದಕ್ಕೆ ತದ್ವಿರುದ್ಧ ದಿಕ್ಕಿನದು. 2008ರ ಮೇ 28ರಂದು ಅಲ್ಲಿನ ಸಂವಿಧಾನ ಸಭೆ 560 ಮತಗಳಿಗೆ 4 ಮತಗಳ ಅಂತರದಲ್ಲಿ ಅರಸೊತ್ತಿಗೆಯನ್ನು ರದ್ದುಗೊಳಿಸಿತು. ಆದರೆ ಅರಸನ ಸುತ್ತ ಹೆಣೆದಿದ್ದ ಆಚರಣೆಗಳು ರದ್ದಾಗಲಿಲ್ಲ. ಇಂದ್ರಜಾತ್ರೆಯಲ್ಲಿ ಕಾಠ್ಮಂಡುವಿನ ಕುಮಾರಿ, ಅಂದರೆ ಜೀವಂತ ದೇವಿಯೆಂದು ಪೂಜೆಗೊಳ್ಳುವ ಬಾಲೆ, ಅರಸನಿಗೆ ಇಡುತ್ತಿದ್ದ ತಿಲಕವನ್ನು ಅನಂತರ ಗಣರಾಜ್ಯದ ಅಧ್ಯಕ್ಷರು ಪಡೆಯುವಂತಾಯಿತು. ದಸರಾ ಹಬ್ಬದಲ್ಲಿ ಜನರ ಹಣೆಗೆ ತಿಲಕವಿಡುವ ಕೆಲಸವೂ ಅಧ್ಯಕ್ಷರಿಗೆ ಬಂತು.

ಅರಸೊತ್ತಿಗೆಯ ಪರವಾಗಿರುವವರು ಇದನ್ನು ಕಂಡು, ಸ್ಥಾನ ಖಾಲಿಯಿದೆ, ಅಲ್ಲಿ ಬಾಡಿಗೆಯವರು ಕುಳಿತಿದ್ದಾರೆ, ನಿಜವಾದ ಒಡೆಯ ಬರಬೇಕು ಎನ್ನುತ್ತಾರೆ. ಆದರೆ ಐತಿಹ್ಯ ಬೇರೆಯದನ್ನೇ ಹೇಳುತ್ತದೆ. ಗೋರ್ಖಾ ದೊರೆ ಪೃಥ್ವಿನಾರಾಯಣ ಶಾಹ 1768ರಲ್ಲಿ ಕಾಠ್ಮಂಡುವನ್ನು ಗೆದ್ದದ್ದು ಇಂದ್ರಜಾತ್ರೆಯ ದಿನದಂದೇ. ಮಲ್ಲ ಅರಸನಿಗೆ ಸಲ್ಲಬೇಕಿದ್ದ ಕುಮಾರಿಯ ಅನುಗ್ರಹ ಅಂದು ಗೆದ್ದು ಬಂದವನಿಗೆ ಸಂದಿತು. ಅಂದರೆ ತಿಲಕವು ಶಾಹ ವಂಶದ ಸೊತ್ತಾಗಿರಲಿಲ್ಲ. ಅದು ಮಲ್ಲರಿಂದ ಶಾಹರಿಗೆ ಬಂದಂತೆಯೇ ಶಾಹರಿಂದ ಗಣರಾಜ್ಯಕ್ಕೆ ಬಂದಿದೆ. ಅರಸೊತ್ತಿಗೆಯ ಮೂಲವನ್ನು ಆಚರಣೆಯಲ್ಲಿ ಹುಡುಕಿದ ಹೋಕಾರ್ಟ್ 1927ರಲ್ಲಿಯೇ ಈ ವಿಷಯವನ್ನು ವ್ಯಾಪಕವಾಗಿ ಚರ್ಚಿಸಿದ್ದ. ಆಚರಣೆಗೆ ಒಬ್ಬ ಪಾತ್ರಧಾರಿ ಬೇಕು. ಇಂಥದೇ ರಕ್ತದವನು ಬೇಕೆಂಬುದು ಆಚರಣೆಯ ಬೇಡಿಕೆಯಲ್ಲ, ವಂಶದ ಬೇಡಿಕೆ. ಗೋರಖನಾಥನು ಪೃಥ್ವಿನಾರಾಯಣನಿಗೆ ಮೊಸರು ಕೊಟ್ಟಾಗ ಅದು ಅವನ ಕಾಲಿನ ಹತ್ತು ಬೆರಳುಗಳ ಮೇಲೆ ಬಿದ್ದಿತೆಂದೂ ಆದ್ದರಿಂದ ವಂಶ ಹತ್ತು ತಲೆಮಾರಿಗೆ ಮುಗಿಯುವುದೆಂದೂ ಹೇಳುವ ಐತಿಹ್ಯವೂ ಅಲ್ಲಿದೆ. 2001ರ ಜೂನ್ 1ರ ಅರಮನೆ ಹತ್ಯಾಕಾಂಡದ ನಂತರ ಈ ಕಥೆ ಹೊಸ ಬಲ ಪಡೆಯಿತು. ಅರಸೊತ್ತಿಗೆಯ ಆರಂಭದ ಕಥೆಯೊಳಗೇ ಅದರ ಅವಧಿಯನ್ನೂ ನಮೂದಿಸುವುದು ಜನಪದ ವಿವೇಕ.

ಹಾಗಿದ್ದೂ 2025ರ ಮಾರ್ಚ್‌ನಲ್ಲಿ ಅರಸನ ಪರವಾದ ಪ್ರದರ್ಶನಗಳು ಕಾಠ್ಮಂಡುವಿನಲ್ಲಿ ನಡೆದು ಹಿಂಸೆಗೆ ತಿರುಗಿದವು. ಅರಸೊತ್ತಿಗೆಯನ್ನು ಬಹಿರಂಗವಾಗಿ ಬೆಂಬಲಿಸುವ ಪಕ್ಷ 2022ರ ಚುನಾವಣೆಯಲ್ಲಿ 275 ಸ್ಥಾನಗಳಲ್ಲಿ ಗೆದ್ದದ್ದು 14. ಬೀದಿಯಲ್ಲಿ ಕೇಳುವ ದನಿಗೂ ಮತಪೆಟ್ಟಿಗೆಯ ಲೆಕ್ಕಕ್ಕೂ ಇರುವ ಈ ಅಂತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ನಿರುದ್ಯೋಗ, ವಲಸೆ, ಮೇಲಿಂದ ಮೇಲೆ ಬದಲಾಗುವ ಸರ್ಕಾರಗಳು ಮತ್ತು ಭ್ರಷ್ಟಾಚಾರದಿಂದ ಬೇಸತ್ತವರಲ್ಲಿ ಕೆಲವರಿಗೆ ‘ಅರಸ’ ಎಂಬುದು ಸಿಟ್ಟನ್ನು ಹೇಳಲು ದೊರೆತ ಹಳೆಯ ಶಬ್ದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯುವಜನರ ದಂಗೆ ಸರ್ಕಾರವನ್ನೇ ಉರುಳಿಸಿದಾಗ ಅದೇ ಸಿಟ್ಟು ಅರಸನ ಹೆಸರಿಲ್ಲದೆಯೂ ಮಾತನಾಡಬಲ್ಲದೆಂಬುದು ಸಿದ್ಧವಾಯಿತು.

6

ಕನ್ನಡ ನಾಡಿಗೆ ಈ ಅನುಭವ ಅಪರಿಚಿತವಲ್ಲ. 1830-31ರ ನಗರದ ದಂಗೆಯಲ್ಲಿ ಬೂದಿ ಬಸವಪ್ಪ ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡ. 1837ರ ಅಮರ ಸುಳ್ಯದ ದಂಗೆಯಲ್ಲಿ ಪುಟ್ಟಬಸಪ್ಪ ಎಂಬವನು ಕೊಡಗಿನ ಹಾಲೇರಿ ಮನೆತನದ ಕಲ್ಯಾಣಸ್ವಾಮಿಯಾಗಿ ಕಾಣಿಸಿಕೊಂಡ. ನಗರದ ರೈತರ ಬೆನ್ನ ಮೇಲೆ ಕಂದಾಯ ಗುತ್ತಿಗೆಯ ಹೊರೆಯಿತ್ತು. ಸುಳ್ಯದ ರೈತರ ಮೇಲೆ ದವಸದ ಬದಲು ನಗದಿನಲ್ಲಿಯೇ ಕಂದಾಯ ಕಟ್ಟಬೇಕೆಂಬ ಒತ್ತಾಯವಿತ್ತು. ಅವರು ಹಳೆಯ ಅರಸನನ್ನು ಮರಳಿ ಕರೆದರೆಂಬುದಕ್ಕಿಂತ, ಹೊಸ ಕಂದಾಯವನ್ನು ನಿರಾಕರಿಸಲು ಹಳೆಯ ಅರಸನ ವೇಷವನ್ನು ಬಳಸಿಕೊಂಡರೆನ್ನುವುದು ಹೆಚ್ಚು ಸರಿ. ವೇಷ ಎಂಬ ಪದವನ್ನು ಇಲ್ಲಿ ಹಗುರವಾಗಿ ಬಳಸಿಲ್ಲ. ವೇಷ ಕಟ್ಟಿದವನು ಯಾರೆಂದು ತಿಳಿದೂ ಆ ರಾತ್ರಿಯ ಮಟ್ಟಿಗೆ ಅವನನ್ನು ಅರಸನೆಂದು ಒಪ್ಪುವುದು ನಮ್ಮ ಬಯಲಾಟದ ಪ್ರೇಕ್ಷಕರಿಗೆ ಸಹಜವಾದ ವಿದ್ಯೆ.

ಮೈಸೂರು ದಸರೆಯಲ್ಲಿ ಈ ವಿದ್ಯೆಯ ಇಂದಿನ ರೂಪವನ್ನು ಕಾಣಬಹುದು. ವಿಜಯನಗರದ ನವರಾತ್ರಿ ಉತ್ಸವವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅನಂತರ ಅದು ಮೈಸೂರಿಗೆ ಬಂತು. ಮೈಸೂರಿನ ಅರಸರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನ ಗೊತ್ತಾಗಿತ್ತು. 1971ರ 26ನೆಯ ತಿದ್ದುಪಡಿಯಿಂದ ಅದೂ ಅರಸನೆಂಬ ಮಾನ್ಯತೆಯೂ ಕೊನೆಗೊಂಡವು. ಆಮೇಲೆ ಉತ್ಸವ ಎರಡಾಗಿ ಸೀಳಿತು. ಬೀದಿಯ ಜಂಬೂಸವಾರಿಯನ್ನು ಸರ್ಕಾರ ವಹಿಸಿಕೊಂಡಿತು; ಅಂಬಾರಿಯಲ್ಲಿ ಅರಸನ ಸ್ಥಾನಕ್ಕೆ ಚಾಮುಂಡೇಶ್ವರಿ ಬಂದಳು; ಚುನಾಯಿತ ಮುಖ್ಯಮಂತ್ರಿ ಅವಳಿಗೆ ಪುಷ್ಪಾರ್ಚನೆ ಮಾಡುವ ಪದ್ಧತಿ ಬೆಳೆಯಿತು. ಅರಮನೆಯೊಳಗೆ ಖಾಸಗಿ ದರ್ಬಾರು ಮುಂದುವರಿಯಿತು. ಗೆರೆ ಎಳೆದವರು ಯಾರೇ ಇರಲಿ, ಜನ ಎರಡನ್ನೂ ನೋಡುತ್ತಾರೆ, ಎರಡನ್ನೂ ಕಲಸುವುದಿಲ್ಲ.

ಇದಕ್ಕೆ ಚುನಾವಣೆಯ ಇತಿಹಾಸವೇ ಆಧಾರ. ಶ್ರೀಕಂಠದತ್ತ ನರಸಿಂಹರಾಜ ಒಡೆಯರನ್ನು ನಾಲ್ಕು ಸಲ ಲೋಕಸಭೆಗೆ ಕಳಿಸಿದ ಮೈಸೂರಿನ ಮತದಾರರೇ 1991 ಮತ್ತು 2004ರಲ್ಲಿ ಅವರನ್ನು ಸೋಲಿಸಿದರು. ಸೋತ ವರ್ಷಗಳಲ್ಲಿಯೂ ಅರಮನೆಯ ದರ್ಬಾರಿನ ಗೌರವಕ್ಕೆ ಕುಂದು ಬರಲಿಲ್ಲ. 2015ರಲ್ಲಿ ಪಟ್ಟಾಭಿಷಿಕ್ತರಾದ ಯದುವೀರರು 2024ರಲ್ಲಿ ಲೋಕಸಭೆಗೆ ಆಯ್ಕೆಯಾದದ್ದನ್ನು ಕೆಲವರು ಅರಸೊತ್ತಿಗೆಯ ಮರಳುವಿಕೆಯೆಂದು ಬಣ್ಣಿಸಿದ್ದುಂಟು. ಬಲ್ಗೇರಿಯದ ಮಾಜಿ ಅರಸ ಸಿಮಿಯೋನ್ 2001ರಲ್ಲಿ ಪ್ರಧಾನಿಯಾದಾಗಲೂ ಇಂಥದೇ ಮಾತು ಕೇಳಿಬಂದಿತ್ತು. ವಾಸ್ತವದಲ್ಲಿ ಇದು ಅರಸನು ಗಣರಾಜ್ಯದ ಆಚರಣೆಗೆ, ಅಂದರೆ ಮತಯಾಚನೆಗೆ ಮತ್ತು ಪ್ರಮಾಣವಚನಕ್ಕೆ ಒಳಪಡುವುದು. ವಂಶದ ಹೆಸರು ಚುನಾವಣೆಯಲ್ಲಿ ಬಂಡವಾಳವಾಗುವುದು ಚಿಂತಿಸಬೇಕಾದ ಸಂಗತಿಯೇ. ಆದರೆ ಅದು ಅರಮನೆಗಳಿಗಷ್ಟೇ ಸೀಮಿತವಾದ ರೋಗವಲ್ಲ.

ನಮ್ಮ ಜನಪದರು ಅರಸೊತ್ತಿಗೆಯ ಬಗ್ಗೆ ಏನು ಹೇಳಿದ್ದಾರೆ ಎಂಬುದನ್ನು ಅವರ ಕಥೆಗಳಿಂದಲೇ ಕೇಳೋಣ. ಅರಸ ಮಕ್ಕಳಿಲ್ಲದೆ ಸತ್ತಾಗ ಪಟ್ಟದಾನೆಯ ಸೊಂಡಿಲಿಗೆ ಹಾರ ಕೊಟ್ಟು ಬಿಡುತ್ತಾರೆ; ಅದು ಮಂತ್ರಿಯ ಮಗನನ್ನೂ ದಳವಾಯಿಯನ್ನೂ ದಾಟಿ ಹೋಗಿ ಊರ ಹೊರಗೆ ಹಸಿದು ಮಲಗಿದ ಪರದೇಶಿಯ ಕೊರಳಿಗೆ ಹಾಕುತ್ತದೆ. ಈ ಆಶಯ ನಮ್ಮಲ್ಲಿ ಬಹಳ ವ್ಯಾಪಕವಾದುದು. ಅಲ್ಲಿ ಅರಸುತನ ಹುಟ್ಟಿನಿಂದ ಬರುವುದಿಲ್ಲ. ಮಲೆಯ ಮಹದೇಶ್ವರ ಕಾವ್ಯದಲ್ಲಿ ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯ ಸಂಹಾರವೇ ಒಂದು ಮುಖ್ಯ ಘಟ್ಟ. ತಲಕಾಡಿನ ಐತಿಹ್ಯದಲ್ಲಿ ಒಡವೆಗಾಗಿ ಬೆನ್ನಟ್ಟಿದ ಅರಸನ ಕಡೆಯವರನ್ನು ಅಲಮೇಲಮ್ಮ ಶಪಿಸುತ್ತಾಳೆ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ದಸರೆಯನ್ನು ಆರಂಭಿಸಿದ ಅರಸನ ಹೆಸರಿನ ಜೊತೆಯಲ್ಲಿಯೇ ನದಿಗೆ ಹಾರಿದ ಹೆಂಗಸಿನ ಶಾಪವನ್ನೂ ನಾಡು ನಾಲ್ಕು ಶತಮಾನಗಳಿಂದ ಹೇಳಿಕೊಂಡು ಬಂದಿದೆ. ಮೆರವಣಿಗೆಯನ್ನು ನೋಡುವವರೇ ಶಾಪದ ಕಥೆಯನ್ನೂ ಹೇಳುತ್ತಾರೆ. ಇವರನ್ನು ರಾಜನಿಷ್ಠರೆಂದು ಕರೆಯುವುದು ಕಥೆಯ ಅರ್ಧವನ್ನಷ್ಟೇ ಬರೆದುಕೊಂಡವರ ಕೆಲಸ.

7

ಈ ಚರ್ಚೆಯಿಂದ ಕೆಲವು ತೀರ್ಮಾನಗಳು ಹೊರಡುತ್ತವೆ. ಆಧುನಿಕ ಗಣರಾಜ್ಯದಲ್ಲಿ ಅರಸೊತ್ತಿಗೆ ಮರಳಿ ಬರಬೇಕಾದರೆ ಒಂದೋ ರಾಜಕೀಯ ಶಕ್ತಿಯೊಂದಕ್ಕೆ ಅದರ ಅಗತ್ಯವಿರಬೇಕು, ಇಲ್ಲವೇ ಗಣರಾಜ್ಯ ಈಡೇರಿಸದೆ ಬಿಟ್ಟ ಬೇಡಿಕೆಗೆ ಅರಸನ ಹೆಸರು ಮಾತಾಗಬೇಕು. ಸ್ಪೇನ್ ಮತ್ತು ಕಾಂಬೋಡಿಯ ಮೊದಲನೆಯದಕ್ಕೆ, ನೇಪಾಳದ ಪ್ರದರ್ಶನಗಳು ಎರಡನೆಯದಕ್ಕೆ, ಬುಗಾಂಡ ಎರಡೂ ಕೂಡಿದುದಕ್ಕೆ ನಿದರ್ಶನ. ಜನಪದ ಸಂಪ್ರದಾಯವೊಂದೇ ಅರಸನನ್ನು ಮರಳಿ ತಂದ ಉದಾಹರಣೆ ಇವುಗಳಲ್ಲಿಲ್ಲ. ಸಂಪ್ರದಾಯವು ಸಾಕ್ಷಿಯಾಗಿ ಬಳಕೆಯಾಗಿದೆ, ಅಷ್ಟೆ. ಆ ಸಾಕ್ಷಿಯನ್ನು ಪೂರ್ತಿಯಾಗಿ ಕೇಳಿದರೆ ಅದು ವಂಶದ ಪರವಾಗಿ ನಿಲ್ಲುವುದಕ್ಕಿಂತ ಸ್ಥಾನದ ಪರವಾಗಿ, ಸ್ಥಾನಕ್ಕೆ ತಕ್ಕ ನಡತೆಯ ಪರವಾಗಿ ನಿಲ್ಲುವುದೇ ಹೆಚ್ಚು.

ಎರಡನೆಯದಾಗಿ, ‘ಅಧಿಕಾರವಿಲ್ಲದ ಸಂಸ್ಕೃತಿ’ ಎಂಬುದು ಕಾನೂನಿನ ಕಲ್ಪನೆ. ಅರಸನ ಆಚರಣೆಯಲ್ಲಿ ನೆಲ, ಕುಲ, ಗಡಿ, ಕಾಣಿಕೆ, ಊಳಿಗ ಇವೆಲ್ಲ ಸೇರಿರುತ್ತವೆ. ಇವನ್ನು ಒಳಗೊಂಡ ಯಾವ ಸಂಗತಿಯೂ ಅಧಿಕಾರದಿಂದ ಹೊರಗಿರಲಾರದು. ಗಣರಾಜ್ಯವೊಂದು ಅರಸನನ್ನು ಸಂಸ್ಕೃತಿಯ ಕೋಣೆಯಲ್ಲಿ ಕೂರಿಸುವಾಗ ಆ ಕೋಣೆಗೆ ಯಾರು ಹಾಸುತ್ತಾರೆ, ಯಾರು ಗುಡಿಸುತ್ತಾರೆ ಎಂದು ಕೇಳಲೇಬೇಕಾಗುತ್ತದೆ. ಆಂಕೋಲೆಯ ಬೈರುಗಳು ಆ ಪ್ರಶ್ನೆಯನ್ನು ಕೇಳಿದರು.

ಕೊನೆಯದು ನಮಗೇ ಸಂಬಂಧಿಸಿದ್ದು. ಅರಮನೆಯ ಪುರೋಹಿತನ ಹೇಳಿಕೆಯನ್ನು ‘ಸಂಪ್ರದಾಯ’ವೆಂದೂ ಊಳಿಗದವನ ಹೇಳಿಕೆಯನ್ನು ‘ಪಾಠಾಂತರ’ವೆಂದೂ ವಿಂಗಡಿಸಿದ ಸಂಗ್ರಹಗಳು ನಮ್ಮ ಗ್ರಂಥಾಲಯಗಳಲ್ಲಿ ಕಡಿಮೆಯೇನಿಲ್ಲ. ಸ್ಮರಣ ಸಂಪುಟಗಳಿಗಾಗಿ ಆತುರದಲ್ಲಿ ಬರೆಯುವ ನಮ್ಮ ಪರಿಚಯ ಲೇಖನಗಳು ನಾಳೆ ಯಾರದೋ ಹಕ್ಕಿನ ದಾಖಲೆಯಾಗಬಹುದು, ಇನ್ಯಾರದೋ ಹಕ್ಕಿನ ನಿರಾಕರಣೆಯೂ ಆಗಬಹುದು. ಆದುದರಿಂದ ಅರಸನ ಕಥೆಯನ್ನು ಬರೆದುಕೊಳ್ಳುವಾಗ ಅದನ್ನು ಯಾರು, ಎಲ್ಲಿ ಕುಳಿತು, ಯಾರ ಎದುರಿನಲ್ಲಿ ಹೇಳಿದರು ಎಂಬುದನ್ನೂ, ಅದೇ ಊರಿನ ಇನ್ನೊಂದು ಕೇರಿಯಲ್ಲಿ ಆ ಕಥೆ ಹೇಗೆ ಮುಗಿಯುತ್ತದೆ ಎಂಬುದನ್ನೂ ದಾಖಲಿಸುವುದು ಕ್ಷೇತ್ರಕಾರ್ಯದ ಕನಿಷ್ಠ ಪ್ರಾಮಾಣಿಕತೆ. ಪಟ್ಟದಾನೆ ಯಾರ ಕೊರಳಿಗೆ ಹಾರ ಹಾಕಬೇಕೆಂದು ಹೇಳುವ ಅಧಿಕಾರ ಮಂತ್ರಿಗೂ ಇರಲಿಲ್ಲ. ಜಾನಪದ ಸಂಶೋಧಕನಿಗೂ ಇಲ್ಲ.